ಗುಂಡನ ಬುಟ್ಟಿ: ಹಲ್ಲು ಬರುತ್ತಿದ್ದ ಮರಿಯೊಂದರ ಪ್ರಕರಣ

“ಕಚ್ಚತ್ತೆ ಮೇಡಂ, ವಿಪರೀತ ಕಚ್ಚತ್ತೆ. ತಂದುಕೊಟ್ಟ ಆಟಿಕೆಗೆ ಲೆಕ್ಕ ಇಲ್ಲ. ಆದ್ರೂ ಅದಕ್ಕೆ ನಮ್ಮ ಚಪ್ಪಲಿನೇ ಆಗಬೇಕು.”

ಫೋನಿನಲ್ಲಿ ಕೇಳಿದ ದೂರು ಇಷ್ಟೇ. ನಾಯಿಮರಿಗಳಿಗೆ ತರಬೇತಿ ಕೊಡುವುದು ನನ್ನ ಕಸುಬು. ಇಂಥ ಕರೆಗಳು ಬರುತ್ತಲೇ ಇರುತ್ತವೆ, ಹೆಚ್ಚಿನವನ್ನು ಬರೆದಿಡುವ ಅಗತ್ಯ ಬೀಳುವುದಿಲ್ಲ. ಇದನ್ನು ಬರೆದಿಟ್ಟದ್ದಕ್ಕೆ ಕಾರಣ ಎರಡು. ಮರಿಗೆ ಕೊಡಬಾರದ ವಸ್ತುಗಳು ಬಹುಮಟ್ಟಿಗೆ ಎಲ್ಲವೂ ಆ ಮನೆಯ ಒಂದೇ ಬುಟ್ಟಿಯಲ್ಲಿ ಸಿಕ್ಕವು. ಜೊತೆಗೆ, ಕೊಡಬಹುದು ಎಂದು ನಾನೇ ಆರಿಸಿದ ಮೂರರಲ್ಲಿ ಒಂದು ಕೈಕೊಟ್ಟಿತು.

ಮನೆಯವರ ಹೆಸರು ಬೇಡ. ಮರಿಯ ಹೆಸರು ಗುಂಡ. ಲ್ಯಾಬ್ರಡಾರ್, ಗಂಡು, 17 ವಾರ, ತೂಕ 13.5 ಕೆ.ಜಿ. ಲಸಿಕೆ, ಜಂತುಹುಳದ ಔಷಧಿ ಎಲ್ಲ ಹೊತ್ತಿಗೆ ಸರಿಯಾಗಿ ಆಗಿತ್ತು. ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಎಂಟು ವರ್ಷದ ಮೊಮ್ಮಗ. ಹಗಲಿಡೀ ಮರಿಯ ಜೊತೆ ಇರುವವರು ಅಜ್ಜಿ ಒಬ್ಬರೇ. ಅವರ ಎರಡೂ ಮುಂಗೈ ಮೇಲೆ ಗೀರುಗಳಿದ್ದವು, ಸೀರೆಯ ಅಂಚಿನಲ್ಲಿ ತೂತುಗಳಿದ್ದವು.

ಬಾಯಿ

ಮೊದಲು ಆಟಿಕೆ ನೋಡಲಿಲ್ಲ, ಬಾಯಿ ನೋಡಿದೆ. ನೆಲದ ಮೇಲೆ ಕೂತು, ಗುಂಡ ಮೂಸಿ ಮುಗಿಸುವವರೆಗೂ ಕಾದು, ಮೆಲ್ಲಗೆ ತುಟಿ ಎತ್ತಿದೆ. ಮೇಲ್ದವಡೆಯ ನಟ್ಟನಡುವಿನ ಎರಡು ಬಾಚಿಹಲ್ಲು ಆಗಲೇ ಹೊಸವು. ಅಗಲವಾಗಿ, ಬೆಳ್ಳಗೆ, ಅಂಚಿನಲ್ಲಿ ಮೂರು ಎಸಳು ಬಿಡಿಸಿದಂತೆ ಇದ್ದವು. ಪಕ್ಕದ್ದು ಇನ್ನೂ ಹಾಲುಹಲ್ಲು, ಅಕ್ಕಿಕಾಳಿನಷ್ಟು. ಬೆರಳು ತಾಗಿದರೆ ಅಲ್ಲಾಡುತ್ತಿತ್ತು. ಒಸಡು ಕೆಂಪಾಗಿ ಊದಿತ್ತು.

ಮರಿಗೆ ಹಾಲುಹಲ್ಲು 28. ಬೆಳೆದ ನಾಯಿಗೆ 42. ಸುಮಾರು ಮೂರು ತಿಂಗಳಿನಿಂದ ನಾಲ್ಕು ತಿಂಗಳೊಳಗೆ ಮುಂದಿನ ಹಲ್ಲಿನಿಂದ ಬದಲಾವಣೆ ಶುರುವಾಗುತ್ತದೆ. ಕೋರೆಹಲ್ಲು ಬರುವ ಹೊತ್ತಿಗೆ ಐದಾರು ತಿಂಗಳಾಗಿರುತ್ತದೆ, ಹಿಂದಿನ ದವಡೆಹಲ್ಲು ಪೂರ್ತಿ ಬರುವಾಗ ಏಳು. ಹೊಸ ಹಲ್ಲು ಕೆಳಗಿನಿಂದ ಒತ್ತುತ್ತ ಬಂದಂತೆ ಹಾಲುಹಲ್ಲಿನ ಬೇರು ಕರಗುತ್ತದೆ, ಕೊನೆಗೆ ಮೇಲಿನ ಭಾಗ ಟೊಪ್ಪಿಗೆಯಂತೆ ಕಳಚುತ್ತದೆ. ಬಿದ್ದದ್ದನ್ನು ಮರಿ ನುಂಗಿಬಿಡುವುದೇ ಹೆಚ್ಚು, ಅದರಿಂದ ತೊಂದರೆಯಿಲ್ಲ. ಲೆಕ್ಕ ಹಾಕಿದರೆ ಗುಂಡನಿಗೆ ಇನ್ನೂ ಸುಮಾರು ಮೂರು ತಿಂಗಳ ಕೆಲಸ ಬಾಕಿಯಿತ್ತು. ಈ ಅವಧಿಯಲ್ಲಿ ಅಗಿಯಬೇಡ ಅನ್ನುವುದು, ಕೆರೆತ ಇರುವವರಿಗೆ ಕೆರೆದುಕೊಳ್ಳಬೇಡಿ ಅಂದ ಹಾಗೆ.

ಅಜ್ಜಿ ಮಾತಿನ ನಡುವೆ, “ನಿನ್ನೆ ಎರಡು ಸಲ ವಾಂತಿ ಮಾಡ್ತಮ್ಮ. ಹಲ್ಲು ಬರ್ತಾ ಇದೆಯಲ್ಲ, ಅದಕ್ಕೇ” ಅಂದರು.

“ವಾಂತಿಯಲ್ಲಿ ಏನಿತ್ತು?”

“ತಿಂದಿದ್ದೇ. ಒಂದಿಷ್ಟು ಬಿಳಿ ದಾರ ಇತ್ತು.”

ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ಬಟ್ಟೆ ಮೇಲೆ ಒಂದೆರಡು ರಕ್ತದ ಕಲೆ ಕಾಣುತ್ತದೆ, ಗಟ್ಟಿ ಆಹಾರವನ್ನು ಮರಿ ಒಂದು ಹೊತ್ತು ಬಿಡಬಹುದು. ವಾಂತಿ, ಭೇದಿ, ಜ್ವರವನ್ನು ಹಲ್ಲಿನ ಲೆಕ್ಕಕ್ಕೆ ಬರೆಯಬಾರದು. ಹಾಗೆ ಬರೆದು ಮೂರು ದಿನ ಕಳೆದು, ಕರುಳು ಕಟ್ಟಿಕೊಂಡ ಮೇಲೆ ಆಸ್ಪತ್ರೆಗೆ ಓಡಿದವರನ್ನು ನಾನು ಕಂಡಿದ್ದೇನೆ. ದಾರದ ವಿಷಯ ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ಪಕ್ಕದ ತುಟಿ ಎತ್ತಿದೆ.

ಎಡಗಡೆ ಮೇಲಿನ ಕೋರೆಯ ತುದಿ ಇರಲಿಲ್ಲ. ಮುರಿದ ಜಾಗದ ನಡುವೆ, ಸಾಸಿವೆಗಿಂತ ಸಣ್ಣದೊಂದು ಕೆಂಪು ಚುಕ್ಕೆ.

“ಹಾಲುಹಲ್ಲಲ್ವಾ ಮೇಡಂ? ಹೇಗೂ ಬೀಳತ್ತೆ” ಅಂದರು ಮಗ. ಎಲ್ಲರೂ ಹೀಗೇ ಅನ್ನುತ್ತಾರೆ. ಆದರೆ ಆ ಕೆಂಪು ಚುಕ್ಕೆ ಹಲ್ಲಿನೊಳಗಿನ ಜೀವಭಾಗ. ಅದು ತೆರೆದುಕೊಂಡಿತೆಂದರೆ ಬಾಯಿಯ ಕೊಳೆ ಬೇರಿನ ತುದಿಯವರೆಗೆ ಇಳಿಯಲು ದಾರಿಯಾಯಿತು. ಆ ಬೇರಿನ ಪಕ್ಕದಲ್ಲೇ ಹೊಸ ಕೋರೆ ರೂಪುಗೊಳ್ಳುತ್ತಿರುತ್ತದೆ. ಕೀವಾದರೆ ಕೆಡುವುದು ಬಿದ್ದುಹೋಗುವ ಹಲ್ಲಲ್ಲ, ಆಯುಷ್ಯವಿಡೀ ಉಳಿಯಬೇಕಾದ ಹಲ್ಲು. ಕಾಯುತ್ತ ಕೂರುವ ಹಾಗಿರಲಿಲ್ಲ. ಅವರ ಪಶುವೈದ್ಯರಿಗೆ ಅಲ್ಲಿಂದಲೇ ಫೋನ್ ಹಚ್ಚಿದೆವು. ನಾಲ್ಕು ಗಂಟೆಗೆ ಬನ್ನಿ ಅಂದರು. ಅಲ್ಲಿಯವರೆಗೆ ಎರಡು ತಾಸು ಇತ್ತು. ಬುಟ್ಟಿ ತರಿಸಿ ನೆಲದ ಮೇಲೆ ಸುರಿದೆ.

ಬುಟ್ಟಿ

ಹನ್ನೊಂದು ವಸ್ತುಗಳಿದ್ದವು. ಮರಿಯ ಮೇಲಿನ ಪ್ರೀತಿಗೇನೂ ಕೊರತೆಯಿರಲಿಲ್ಲ.

ಪ್ಯಾಕೆಟ್ಟಿನ ಮೇಲೆ ‘ಮರಿಗೆ ಸುರಕ್ಷಿತ’, ‘ವಿಷರಹಿತ’ ಎಂದೆಲ್ಲ ಬರೆದಿರುತ್ತಾರೆ. ಮಕ್ಕಳ ಆಟಿಕೆಗೆ ಕಡ್ಡಾಯ ಸುರಕ್ಷತಾ ಮಾನದಂಡ ಇಟ್ಟಿರುವ ಅಮೆರಿಕದಂಥ ದೇಶದಲ್ಲೂ ನಾಯಿ ಆಟಿಕೆಗೆ ಅಂಥದ್ದಿಲ್ಲ. ಬರೆದವರು ಬರೆದದ್ದೇ ಬರಹ. ಹಲ್ಲಿಗೆ ಸಂಬಂಧಿಸಿದ ವಸ್ತುಗಳಲ್ಲಿ ವಿ.ಒ.ಎಚ್.ಸಿ. ಎಂಬ ಪಶು ದಂತವೈದ್ಯ ಮಂಡಳಿಯ ಮುದ್ರೆ ಕೆಲವಕ್ಕೆ ಇರುತ್ತದೆ. ಅದು ಒಳ್ಳೆಯ ಮುದ್ರೆಯೇ. ಆದರೆ ಅದು ಹೇಳುವುದು ಹಲ್ಲಿನ ಪಾಚಿ, ಕಿಟ್ಟ ಕಡಿಮೆಯಾಗುತ್ತದೆಯೇ ಎಂಬುದನ್ನು. ಹಲ್ಲು ಬರುವ ಮರಿಯ ಒಸಡಿಗೆ ಇದು ಹೊಂದುತ್ತದೆಯೇ ಎಂಬುದನ್ನಲ್ಲ.

ಹಾಗಾಗಿ ನಾನು ಆಟಿಕೆ ಕೈಗೆತ್ತಿಕೊಂಡಾಗ ಇದು ಯಾವುದರಿಂದ ಮಾಡಿದ್ದು ಎಂದು ಮೊದಲು ಕೇಳುವುದಿಲ್ಲ. ಇದು ಹಾಳಾಗುವುದು ಹೇಗೆ ಎಂದು ಕೇಳುತ್ತೇನೆ. ಅಗಿಯಲು ಕೊಟ್ಟದ್ದು ಹಾಳಾಗಲೇಬೇಕು, ಅದಕ್ಕೇ ಕೊಟ್ಟಿರುವುದು. ಸವೆಯುತ್ತದೋ, ಚೂರಾಗುತ್ತದೋ, ದಾರವಾಗಿ ಬಿಚ್ಚಿಕೊಳ್ಳುತ್ತದೋ, ಲೋಳೆಯಾಗುತ್ತದೋ, ಅಥವಾ ತಾನು ಗಟ್ಟಿಯಾಗಿ ಉಳಿದು ಹಲ್ಲನ್ನೇ ಮುರಿಯುತ್ತದೋ?

ಕೊನೆಯ ಬಗೆಯದು ಬುಟ್ಟಿಯಲ್ಲಿ ಎರಡಿದ್ದವು. ಒಂದು ಕೊಂಬಿನ ತುಂಡು, ಒಂದು ಗಟ್ಟಿ ನೈಲಾನ್ ಮೂಳೆ. ಕೊಂಬನ್ನು ನೆಲಕ್ಕೆ ತಟ್ಟಿದೆ, ಟಣ್ ಎಂದಿತು. ಉಗುರು ಒತ್ತಿದೆ, ಗುರುತು ಬೀಳಲಿಲ್ಲ. ಮಗನ ಕೈಗೆ ಕೊಟ್ಟು, “ನಿಮ್ಮ ಮೊಣಕಾಲ ಚಿಪ್ಪಿಗೆ ಇದರಿಂದ ಒಂದೇಟು ಹಾಕಿಕೊಳ್ಳಿ” ಅಂದೆ. ಅವರು ನಕ್ಕರು, ಹಾಕಿಕೊಳ್ಳಲಿಲ್ಲ. ಹಲ್ಲಿನ ವೈದ್ಯರು ಹೇಳುವ ಹಳೆಯ ಪರೀಕ್ಷೆ ಇದು. ಮೊಣಕಾಲಿಗೆ ಹೊಡೆದುಕೊಳ್ಳಲು ಹೆದರಿಕೆಯಾಗುವಷ್ಟು ಗಟ್ಟಿಯಿದ್ದದ್ದು ಹಲ್ಲಿಗೆ ಬೇಡ. ನಾಯಿ ಹಲ್ಲಿನ ಮೇಲಿನ ಗಟ್ಟಿ ಪದರ 1 ಮಿ.ಮೀ.ಗಿಂತ ತೆಳು, ನಮ್ಮ ಹಲ್ಲಿನದಕ್ಕಿಂತ ಎಷ್ಟೋ ಕಡಿಮೆ. ಹಾಲುಹಲ್ಲಿನಲ್ಲಿ ಇನ್ನೂ ತೆಳು. ದೊಡ್ಡ ನಾಯಿಗಳಲ್ಲೂ ಮೂಳೆ, ಕೊಂಬು, ಗೊರಸು ಕಡಿದು ಮೇಲ್ದವಡೆಯ ದೊಡ್ಡ ಹಲ್ಲು ಚಕ್ಕೆಯೆದ್ದು ಹೋಗುವುದು ಸಾಮಾನ್ಯ. ಗುಂಡನ ಕೋರೆ ಮುರಿದದ್ದು ಈ ಕೊಂಬಿನಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ, ಆದರೆ ಮುರಿದದ್ದು ಅದನ್ನು ತಂದ ವಾರದಲ್ಲಿ. ಬೇಯಿಸಿದ ಮೂಳೆಯ ಮಾತು ಬೇರೆ. ಅದು ಹಲ್ಲು ಮುರಿಯುವುದಲ್ಲದೆ ಸೀಳುಸೀಳಾಗಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಆ ಮನೆಯಲ್ಲಿ ಅದನ್ನು ಕೊಟ್ಟಿರಲಿಲ್ಲ, ಸದ್ಯ.

ಮೂರನೆಯದು ಹಗ್ಗ. ಎರಡೂ ತುದಿಯಲ್ಲಿ ಗಂಟು, ಗಂಟಿನಾಚೆ ಕುಚ್ಚು. ಒಂದು ತುದಿಯಲ್ಲಿ ಕುಚ್ಚು ಪೂರ್ತಿ ಇತ್ತು, ಇನ್ನೊಂದು ತುದಿ ಬೋಳು. ಬೋಳಾದ ತುದಿಯನ್ನು ಅಜ್ಜಿಯ ಕೈಗಿಟ್ಟೆ. ಅವರಿಗೆ ತಕ್ಷಣ ಹೊಳೆಯಿತು. “ಆ ದಾರ…” ಅಂದವರು ಮಾತು ನಿಲ್ಲಿಸಿದರು.

ದಾರದ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಉಂಡೆಯಾಗಿರುವ ವಸ್ತು ನುಂಗಿದರೆ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ದಾರ ಹಾಗಲ್ಲ. ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯ ಬಾಗಿಲಲ್ಲೋ ತೊಡರಿಕೊಂಡು, ಉಳಿದದ್ದು ಕರುಳಿಗಿಳಿಯುತ್ತದೆ. ಕರುಳು ಅದನ್ನು ಮುಂದೆ ತಳ್ಳಲು ನೋಡುತ್ತದೆ, ದಾರ ಹೋಗುವುದಿಲ್ಲ. ಆಗ ಲಾಡಿ ಎಳೆದಾಗ ಲಂಗದ ಸೊಂಟ ನೆರಿಗೆಗಟ್ಟುವಂತೆ ಕರುಳೇ ದಾರದ ಮೇಲೆ ನೆರಿಗೆಗಟ್ಟುತ್ತದೆ. ಬಿಗಿಯಾದ ದಾರ ಒಳಗಿನಿಂದ ಕೊಯ್ಯುತ್ತದೆ. ಆದ್ದರಿಂದಲೇ ಬಾಯಲ್ಲೋ ಹಿಂದುಗಡೆಯೋ ದಾರ ನೇತಾಡುವುದು ಕಂಡರೆ ಎಳೆಯಬಾರದು, ನೇರ ವೈದ್ಯರಲ್ಲಿಗೆ ಹೋಗಬೇಕು. ಹಗ್ಗದ ಒಂದು ತುದಿ ನಿಮ್ಮ ಕೈಯಲ್ಲಿದ್ದು ಎಳೆದಾಡುವ ಆಟಕ್ಕಾದರೆ ಸರಿ. ಮರಿಯ ಬಾಯಿಗೆ ಕೊಟ್ಟು ಒಳಗೆ ಹೋಗಿ ಮಲಗುವುದಕ್ಕಲ್ಲ.

ನಾಲ್ಕನೆಯದು ಗಂಟು ಹಾಕಿದ ಒಣಚರ್ಮದ ಮೂಳೆ, ಮಾರುವವರು ರಾಹೈಡ್ ಅನ್ನುವುದು. ಒಂದು ಲೋಟ ನೀರಿನಲ್ಲಿ ನಿಲ್ಲಿಸಿಟ್ಟೆ. ನಾವು ಹೊರಡುವ ಹೊತ್ತಿಗೆ ಅದರ ತುದಿ ಊದಿ, ಬೆಳ್ಳಗಾಗಿ, ಲೋಳೆಲೋಳೆಯಾಗಿತ್ತು. ಮರಿ ಮೆತ್ತಗಾದ ಗಂಟನ್ನು ಕಿತ್ತು ಇಡಿಯಾಗಿ ನುಂಗುತ್ತದೆ, ಅದು ಒಳಗೆ ಹೋಗಿ ಇನ್ನಷ್ಟು ಊದುತ್ತದೆ. ಲೋಟ ನೋಡಿದ ಮೇಲೆ ಯಾರೂ ನನ್ನ ಜೊತೆ ವಾದ ಮಾಡಲಿಲ್ಲ.

ಟೆನಿಸ್ ಚೆಂಡು ಎಸೆಯಲು ಪರವಾಗಿಲ್ಲ, ಅಗಿಯಲು ಬೇಡ. ಅದರ ಮೇಲಿನ ಜುಂಗಿಗೆ ಮರಳು ಮಣ್ಣು ಹತ್ತಿ ಹಲ್ಲಿಗೆ ಮರಳುಕಾಗದ ಉಜ್ಜಿದಂತಾಗುತ್ತದೆ. ದೊಡ್ಡ ತಳಿಯ ನಾಯಿಗಾದರೆ ಅದು ಒತ್ತಿಕೊಂಡು ಗಂಟಲಲ್ಲಿ ಕೂರುವಷ್ಟೇ ಗಾತ್ರ. ಇನ್ನೊಂದು ರಬ್ಬರ್ ಚೆಂಡು ಟೊಳ್ಳು, ಆದರೆ ತೂತು ಒಂದೇ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಮರಿ ಒಳಗಿನ ತಿಂಡಿಗೆ ನಾಲಿಗೆ ತೂರಿಸಿ ನೆಕ್ಕುತ್ತ ಹೋದರೆ ಒಳಗೆ ಗಾಳಿ ಕಡಿಮೆಯಾಗಿ ನಾಲಿಗೆ ಹೀರಿಕೊಂಡು ಸಿಕ್ಕಿಬೀಳಬಹುದು, ಊದಿದ ಮೇಲೆ ಹೊರಗೆ ಬರುವುದಿಲ್ಲ. ಟೊಳ್ಳಾದದ್ದಕ್ಕೆ ಎರಡು ತೂತು ಇರಲೇಬೇಕು, ಗಾಳಿಯಾಡಲು.

ಪೀಂ ಅನ್ನುವ ಬಾತುಕೋಳಿಯ ಹೊಟ್ಟೆಯೊಳಗೆ ಗೋಲಿಯಷ್ಟು ಪೀಪಿ, ಮರಿಯ ಗುರಿಯೆಲ್ಲ ಅದರ ಮೇಲೆ. ಅದರ ಪಕ್ಕದಲ್ಲಿ ಒಂದು ಬಟ್ಟೆಯ ಕರಡಿ, ಒಂದೇ ಕಣ್ಣಿನದು.

“ಇನ್ನೊಂದು ಕಣ್ಣೆಲ್ಲಿ?”

ಮೊಮ್ಮಗ ಗುಂಡನ ಕಡೆ ನೋಡಿದ. ಗುಂಡ ಬಾಲ ಆಡಿಸಿದ.

ಉಳಿದ ಮೂರರಲ್ಲಿ ಒಂದು ಹಳೆಯ ಚಪ್ಪಲಿ. ಹಳೆಯದನ್ನು ಕೊಟ್ಟರೆ ಹೊಸದನ್ನು ಬಿಡುತ್ತದೆ ಎಂಬ ನಂಬಿಕೆ. ಚಪ್ಪಲಿ ಎಂದರೆ ಅಗಿಯುವುದು ಎಂದು ನಾವೇ ಕಲಿಸಿದ ಮೇಲೆ ಯಾವುದು ಹಳೆಯದು, ಯಾವುದು ಮೊನ್ನೆ ತಂದದ್ದು ಎಂದು ಅದಕ್ಕೆ ಹೇಳಿಕೊಡುವವರು ಯಾರು? ಇನ್ನೊಂದು ಮಕ್ಕಳು ಕಚ್ಚುವ ಜೆಲ್ ತುಂಬಿದ ಉಂಗುರ. ಮಗುವಿನ ಒಸಡಿಗೆ ಮಾಡಿದ್ದನ್ನು ಮರಿಯ ಸೂಜಿಹಲ್ಲು ಒಂದೇ ಕಡಿತಕ್ಕೆ ತೂತು ಮಾಡುತ್ತದೆ. ಅದರ ಜೊತೆಗೇ ಮಕ್ಕಳ ಒಸಡಿಗೆ ಹಚ್ಚುವ ಮುಲಾಮೂ ಬಂದಿತ್ತು. ಮರಿಗೆ ಇನ್ನೂ ಹಚ್ಚಿರಲಿಲ್ಲ, ತೆಗೆದಿಡಿಸಿದೆ. ಅಂಥ ಕೆಲವು ಮುಲಾಮಿನಲ್ಲಿರುವ ಬೆಂಜೊಕೇನ್ ನಾಯಿಯ ರಕ್ತ ಆಮ್ಲಜನಕ ಹೊರುವುದನ್ನೇ ಕೆಡಿಸಬಲ್ಲದು. ನಾವು ನುಂಗುವ ನೋವಿನ ಮಾತ್ರೆಗಳೂ ಅಷ್ಟೇ. ಐಬುಪ್ರೊಫೆನ್, ಪ್ಯಾರಸಿಟಮಾಲ್ ಯಾವುದನ್ನೂ ಮನೆಯಲ್ಲೇ ಅಂದಾಜಿನಲ್ಲಿ ಕೊಡುವಂತಿಲ್ಲ.

ಹನ್ನೊಂದನೆಯದು ಬುಟ್ಟಿಯ ತಳದಲ್ಲಿತ್ತು. ಒಂದು ಹಲ್ಲಿನ ಗುರುತೂ ಇಲ್ಲದ, ಮರಿಗಳಿಗೆಂದೇ ಮಾಡಿದ ಮೆದು ರಬ್ಬರಿನ ಟೊಳ್ಳು ಆಟಿಕೆ. ಮೇಲೊಂದು ಕೆಳಗೊಂದು ತೂತು. “ಅದನ್ನ ಮುಟ್ಟೋದೇ ಇಲ್ಲ ಮೇಡಂ, ದಂಡ” ಅಂದರು ಸೊಸೆ. ಬುಟ್ಟಿಯಲ್ಲಿ ನಾನು ಉಳಿಸಿದ್ದು ಅದೊಂದನ್ನೇ.

ನಾಲ್ಕು ಗಂಟೆಗೆ ಮರಿಯ ಜೊತೆ ಹಗ್ಗ, ಕರಡಿ ಎರಡನ್ನೂ ಒಯ್ದರು. ಏನು ನುಂಗಿರಬಹುದು ಎಂದು ಬಾಯಲ್ಲಿ ಹೇಳುವುದಕ್ಕಿಂತ ಉಳಿದ ಭಾಗವನ್ನು ತೋರಿಸುವುದು ವೈದ್ಯರಿಗೆ ಅನುಕೂಲ. ಬಟ್ಟೆ, ಕೆಲವು ಬಗೆಯ ಪ್ಲಾಸ್ಟಿಕ್ ಎಕ್ಸ್‌ರೇಯಲ್ಲಿ ನೇರವಾಗಿ ಕಾಣದೆಯೂ ಇರಬಹುದು. ಹೊಟ್ಟೆಯಲ್ಲಿ ಸಿಕ್ಕಿಕೊಂಡದ್ದೇನೂ ಕಾಣಲಿಲ್ಲ, ಸ್ಕ್ಯಾನ್ ಕೂಡ ಮಾಡಿದರು. ಮಾರನೆಯ ದಿನ ಅರಿವಳಿಕೆ ಕೊಟ್ಟು ಮುರಿದ ಕೋರೆಯನ್ನು ತೆಗೆದರು. ತೆಗೆದದ್ದನ್ನು ಗಾಜಿನ ತಟ್ಟೆಯಲ್ಲಿಟ್ಟು ತೋರಿಸಿದಾಗ ಮನೆಯವರಿಗೆ ಆಶ್ಚರ್ಯವಾದದ್ದು ಬೇರು ಕಂಡು. ಹೊರಗೆ ಕಾಣುತ್ತಿದ್ದುದಕ್ಕಿಂತ ಒಳಗಿದ್ದದ್ದೇ ಉದ್ದ, ಬಾಗಿದ್ದು, ತೆಳ್ಳಗಿನದು.

ಮೂರು ಆಯ್ಕೆ

ಗಾಯ ಮಾಯುವವರೆಗೆ, ವೈದ್ಯರು ಹೇಳಿದಂತೆ, ಮೆತ್ತನೆಯ ಆಹಾರ ಮಾತ್ರ. ಅಗಿಯುವ ವಸ್ತು ಕೈಗೆ ಕೊಟ್ಟದ್ದು ಎರಡು ವಾರದ ನಂತರ.

ಮುಟ್ಟದ ಆ ರಬ್ಬರನ್ನು ಗುಂಡ ಮುಟ್ಟಿರಲಿಲ್ಲ ಏಕೆ? ಖಾಲಿ ಕೊಟ್ಟಿದ್ದರು. ಖಾಲಿ ರಬ್ಬರಿಗೆ ವಾಸನೆಯಿಲ್ಲ, ರುಚಿಯಿಲ್ಲ. ಚಪ್ಪಲಿಗೆ ಎರಡೂ ಉಂಟು. ಅದು ತಿನ್ನುವ ಒಣ ಆಹಾರವನ್ನೇ ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಒಳಗೆ ತುಂಬಿಸಿದೆ. ದಿನದ ಊಟದಲ್ಲೇ ಒಂದು ಭಾಗ ಇದರೊಳಗೆ ಹೋಗಬೇಕು, ಮೇಲೆ ಹೆಚ್ಚುವರಿಯಲ್ಲ. ಶೇಂಗಾ ಬೆಣ್ಣೆ ಸವರುವ ಆಸೆಯಿದ್ದರೆ ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಕ್ಸೈಲಿಟಾಲ್ ಇಲ್ಲವೆಂದು ಓದಿಕೊಳ್ಳಬೇಕು. ಸಕ್ಕರೆಯ ಬದಲಿಗೆ ಹಾಕುವ ಈ ಸಿಹಿ ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯಲ್ಲೇ ಕುಸಿಯುವಂತೆ ಮಾಡಬಲ್ಲದು, ಲಿವರನ್ನೂ ಕೆಡಿಸುತ್ತದೆ. ತುಂಬಿಸಿದ್ದನ್ನು ಫ್ರೀಜರಿನಲ್ಲಿಟ್ಟೆವು, ತಂಪು ಒಸಡಿಗೆ ಹಿತ. ಆದರೆ ಕಲ್ಲಿನಂತೆ ಹೆಪ್ಪುಗಟ್ಟಿದ್ದನ್ನು ಹಾಗೇ ಕೊಟ್ಟರೆ ಕೊಂಬು ಕೊಟ್ಟಂತೆಯೇ. ಬೆರಳಲ್ಲಿ ಒತ್ತಿದರೆ ರಬ್ಬರು ಬಗ್ಗುವಷ್ಟು ಹೊತ್ತು ಹೊರಗಿಟ್ಟು ಕೊಡಬೇಕು. ಮಂಜುಗಡ್ಡೆಯ ತುಂಡು ಕೊಡಬೇಡಿ ಅನ್ನುವುದೂ ಇದಕ್ಕೇ.

ಮೊದಲ ದಿನ ಗುಂಡ ಅದನ್ನು ಮುಂಗಾಲುಗಳ ನಡುವೆ ಹಿಡಿದು 35 ನಿಮಿಷ ಕೂತ. ಅಷ್ಟು ಹೊತ್ತು ಅಜ್ಜಿ ಕುರ್ಚಿಯ ಮೇಲೆ ಕಾಲು ಮಡಚಿಟ್ಟುಕೊಳ್ಳದೆ, ಕೆಳಗಿಳಿಬಿಟ್ಟು ಕೂತರು. ಎಷ್ಟೋ ದಿನದ ಮೇಲೆ.

(ಇಂಥ ರಬ್ಬರ್ ಆಟಿಕೆ ಹುಟ್ಟಿದ ಕಥೆ ನನಗೆ ಬಲು ಇಷ್ಟ. ಅಮೆರಿಕದ ಜೋ ಮಾರ್ಕಮ್ ಎಂಬವರು ವೋಕ್ಸ್‌ವ್ಯಾಗನ್ ಬಸ್ ರಿಪೇರಿ ಮಾಡುತ್ತಿದ್ದಾಗ, ಅವರ ಜರ್ಮನ್ ಶೆಫರ್ಡ್ ನಾಯಿ ಫ್ರಿಟ್ಜ್ ಸಸ್ಪೆನ್ಶನ್ನಿನ ಒಂದು ರಬ್ಬರ್ ತುಂಡನ್ನು ಎತ್ತಿಕೊಂಡು ಬಿಡಲೇ ಇಲ್ಲವಂತೆ. ಅದುವರೆಗೆ ಅದು ಕಲ್ಲು ಕಡಿಯುತ್ತಿತ್ತು. 1970ರ ದಶಕದ ಈ ಪ್ರಸಂಗದಿಂದಲೇ ಕಾಂಗ್ ಎಂಬ ಆಟಿಕೆ ಬಂತು. ಇವತ್ತು ಅದರಲ್ಲಿ ಮರಿಗೆ ಮೆದು ರಬ್ಬರು ಬೇರೆ, ದೊಡ್ಡ ನಾಯಿಗೆ ಗಟ್ಟಿ ರಬ್ಬರು ಬೇರೆ.)

ಎರಡನೆಯದು ಬಟ್ಟೆ. ದಾರ ಏಳದ, ಅಂಚು ಹೊಲಿದ, ದಪ್ಪ ನೇಯ್ಗೆಯ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಹುರಿಗೊಳಿಸಿ, ತಣ್ಣಗೆ ಮಾಡಿ, ಒಂದು ತುದಿ ನಾವು ಹಿಡಿದುಕೊಂಡು ಕೊಡುವುದು. ಟವೆಲ್ ಬೇಡವೆಂದೆ, ಅದರ ಜುಂಗು ಉಗುರಿಗೇ ಸಿಕ್ಕಿ ಎಳೆಯಾಗಿ ಬರುತ್ತದೆ. ಅಜ್ಜಿಯ ಕೈ ಕಚ್ಚಲು ಬಂದಾಗೆಲ್ಲ ಈ ಬಟ್ಟೆ ಬಾಯಿಗೆ. ಕೈಬಿಟ್ಟು ಎದ್ದುಹೋಗುವಾಗ ಬಟ್ಟೆಯೂ ಜೊತೆಗೆ ಹೋಗಬೇಕು. ಕಿತ್ತುಕೊಳ್ಳುವುದಲ್ಲ. ಮೂತಿಯ ಹತ್ತಿರ ಎರಡು ಕಾಳು ಆಹಾರ ಹಿಡಿದರೆ ತಾನೇ ಬಿಡುತ್ತದೆ. ಬಾಯಿಂದ ಕಿತ್ತುಕೊಳ್ಳುವ ಮನೆಯಲ್ಲಿ ಮರಿ ಎರಡು ಪಾಠ ಕಲಿಯುತ್ತದೆ: ಸಿಕ್ಕಿದ್ದನ್ನು ಬೇಗ ನುಂಗು, ಇಲ್ಲವೇ ಗುರ್ ಅನ್ನು.

ಮೂರನೆಯದು ಮೆದು ರಬ್ಬರಿನ ಒಂದು ಉಂಗುರ, ಮೈತುಂಬ ಸಣ್ಣ ಗುಬುಟು. ಒಸಡು ಉಜ್ಜಿಕೊಳ್ಳಲಿ ಎಂದು. ಗಾತ್ರದಲ್ಲಿ ತಪ್ಪಬಾರದೆಂದು ದೊಡ್ಡದನ್ನೇ ಆರಿಸಿದ್ದೆ. ಆಟಿಕೆ ಕೋರೆಹಲ್ಲುಗಳ ಹಿಂದಕ್ಕೆ ಇಡಿಯಾಗಿ ಜಾರಬಾರದು, ಇದು ನಿಯಮ. ಇವತ್ತಿನ ಬಾಯಿಗೆ ನೋಡಿ ತಂದರೆ ಸಾಲದು, ಈ ತಳಿಯ ಮರಿ ಆರು ತಿಂಗಳಾಗುವಷ್ಟರಲ್ಲಿ ಸುಮಾರು ಎರಡರಷ್ಟಾಗಿರುತ್ತದೆ. ಉಗುರು ಒತ್ತಿ ನೋಡಿದ್ದೆ, ಚೆನ್ನಾಗಿ ಊರಿತ್ತು. ನನ್ನ ಮಟ್ಟಿಗೆ ಪಾಸಾಗಿತ್ತು.

ಒಂಬತ್ತನೇ ದಿನ

ಮೂರೂ ವಸ್ತು ಕೊಡಲು ಶುರುಮಾಡಿ ಒಂಬತ್ತನೇ ದಿನ, ಅಜ್ಜಿ ಫೋನಿನಲ್ಲಿ ಮಾತಾಡುತ್ತ ಪಕ್ಕದ ಕೋಣೆಗೆ ಹೋದರು. ಹದಿನೈದು ಇಪ್ಪತ್ತು ನಿಮಿಷ. ವಾಪಸು ಬಂದಾಗ ಉಂಗುರ ಉಂಗುರವಾಗಿರಲಿಲ್ಲ.

ಅವರು ನನಗೆ ಫೋನ್ ಮಾಡಿ ಮುಗಿಸುವಷ್ಟರಲ್ಲಿ ಮೊಮ್ಮಗ ಒಳ್ಳೆಯ ಕೆಲಸ ಮಾಡಿದ್ದ. ನೆಲದ ಮೇಲಿದ್ದ ಚೂರುಗಳನ್ನೆಲ್ಲ ಹೆಕ್ಕಿ, ಒಂದು ಪೇಪರಿನ ಮೇಲೆ ಚಿತ್ರದ ತುಂಡು ಜೋಡಿಸಿದ ಹಾಗೆ ಜೋಡಿಸಿದ್ದ. ಫೋಟೋ ಕಳಿಸಿದರು. ಗುಬುಟಿಗೆ ಗುಬುಟು ಕೂಡಿಸಿ ವೃತ್ತ ಪೂರ್ತಿಯಾಗಿತ್ತು, ಒಂದು ಕಡೆ ಬಿಟ್ಟು. ಅಲ್ಲಿ ಹೆಬ್ಬೆರಳ ಉಗುರಿನಷ್ಟು ಖಾಲಿ.

“ಉಪ್ಪುನೀರು ಕುಡಿಸಿ ವಾಂತಿ ಮಾಡಿಸ್ಲಾ?” ಅಂತ ಕೇಳಿದರು.

“ಬೇಡ ಅಮ್ಮ. ಏನೂ ಕುಡಿಸ್ಬೇಡಿ. ಚೂರೆಲ್ಲ ಕವರಿಗೆ ಹಾಕ್ಕೊಂಡು ಈಗ್ಲೇ ಡಾಕ್ಟರ ಹತ್ರ ಹೊರಡಿ.”

ಉಪ್ಪು ಹೆಚ್ಚಾದರೆ ಮರಿಯ ಮೈಯಲ್ಲಿ ವಿಷವಾಗುತ್ತದೆ. ವಾಂತಿ ಮಾಡಿಸಬಹುದೋ ಬಾರದೋ ಎಂಬುದು ನುಂಗಿದ ವಸ್ತುವಿನ ಮೇಲಿದೆ. ಚೂಪಾದದ್ದು, ದಾರದಂಥದ್ದು, ಸುಡುವಂಥದ್ದಾದರೆ ಹೊರಗೆ ಬರುವಾಗಲೇ ಹೆಚ್ಚು ಗಾಯ. ಇದು ಮೆತ್ತನೆಯ ರಬ್ಬರು, ಗಂಟೆ ಕಳೆದಿರಲಿಲ್ಲ, ಇನ್ನೂ ಹೊಟ್ಟೆಯಲ್ಲೇ ಇರುವ ಸಂಭವ ಹೆಚ್ಚು. ವೈದ್ಯರು ಸೂಜಿ ಕೊಟ್ಟರು. ಎರಡನೇ ಸಲದ ವಾಂತಿಯಲ್ಲಿ ಆಹಾರದ ಜೊತೆ ಆ ತುಂಡು ಬಂತು. ಮೊಮ್ಮಗ ಅದನ್ನು ತೊಳೆಸಿ, ಪೇಪರಿನ ಮೇಲಿನ ಖಾಲಿ ಜಾಗದಲ್ಲಿಟ್ಟು ಇನ್ನೊಂದು ಫೋಟೋ ಕಳಿಸಿದ. ಸರಿಯಾಗಿ ಕೂತಿತ್ತು.

ಅಜ್ಜಿ ತಮ್ಮದೇ ತಪ್ಪು ಅಂದರು. ಎದ್ದುಹೋದದ್ದು ತಪ್ಪೇ. ಆದರೆ ಆರಿಸಿದ್ದು ನಾನು. ಉಗುರಿನ ಪರೀಕ್ಷೆ ಹೇಳುವುದು ಆಟಿಕೆ ಅತಿ ಗಟ್ಟಿಯಲ್ಲವೇ ಎಂಬುದನ್ನು ಮಾತ್ರ. ಅತಿ ಮೆದುವೇ ಎಂದು ನಾನು ಕೇಳಿಕೊಂಡಿರಲಿಲ್ಲ. ಮುರಿದ ಕೋರೆ ಕಂಡ ಮೇಲೆ ನನ್ನ ಭಯವೆಲ್ಲ ಗಟ್ಟಿ ವಸ್ತುವಿನ ಕಡೆಗೇ ವಾಲಿತ್ತು. ಈಗ ಉಗುರಿಗೆ ಎರಡು ಕೆಲಸ ಕೊಡುತ್ತೇನೆ. ಒತ್ತಿದರೆ ಊರಬೇಕು. ಗುಬುಟನ್ನು ಎರಡು ಉಗುರಿನ ನಡುವೆ ಹಿಡಿದು ತಿರುಚಿದರೆ ಕಿತ್ತುಬರಬಾರದು. ಆ ಉಂಗುರದ ಇನ್ನೊಂದನ್ನು ತರಿಸಿ ತಿರುಚಿ ನೋಡಿದೆ. ಕಡಲೆಬೇಳೆಯಷ್ಟು ಚೂರು ಬೆರಳಲ್ಲೇ ಬಂತು.

ಆಕಾರವನ್ನೂ ನಾನು ಯೋಚಿಸಿರಲಿಲ್ಲ. ನಾಯಿಯ ಮುಂದಿನ ಹಲ್ಲು ಚಿಮಟದ ಹಾಗೆ, ಹಿಡಿಯುತ್ತವೆ, ಕೆರೆಯುತ್ತವೆ. ಪಕ್ಕದ ಹಲ್ಲು ಕತ್ತರಿ. ಉಂಗುರ ದೊಡ್ಡದಿದ್ದರೂ ಅದರ ಮೈ ಹೆಬ್ಬೆರಳಷ್ಟೇ ದಪ್ಪ. ತಲೆ ಓರೆ ಮಾಡಿ, ಪಕ್ಕದ ಹಲ್ಲಿಗೆ ಸಿಕ್ಕಿಸಿಕೊಂಡು ಕತ್ತರಿಸಲು ಹೇಳಿ ಮಾಡಿಸಿದಂತಿತ್ತು. ಟೊಳ್ಳು ರಬ್ಬರಿನ ದಪ್ಪ ಹೊಟ್ಟೆ ಹಾಗೆ ಪಕ್ಕಕ್ಕೆ ಸರಿಯುವುದಿಲ್ಲ, ಅದಕ್ಕೇ ಬಾಳಿತು.

ಆ ದಿನದಿಂದ ಅಡಿಗೆಮನೆಯ ತಕ್ಕಡಿ ಕೆಲಸಕ್ಕೆ ಬಂತು. ಕಣ್ಣಿಗೆ ಕಾಣದ ಚೂರು ಹೋದರೆ ತಿಳಿಯುವುದು ಹೇಗೆ ಎಂದು ಮೊಮ್ಮಗ ಕೇಳಿದ ಪ್ರಶ್ನೆಗೆ ಹೊಳೆದ ಉತ್ತರ ಅದು. ಪ್ರತಿ ರಾತ್ರಿ ಆಟಿಕೆ ತೊಳೆದು, ಒರೆಸಿ, ತೂಗಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆಯುವುದು. ಒಂದೆರಡು ಗ್ರಾಂ ಇಳಿದರೆ ಎಲ್ಲಿ ಹೋಯಿತೆಂದು ಹುಡುಕುವುದು, ಸಿಗದಿದ್ದರೆ ಆಟಿಕೆ ಕಸಕ್ಕೆ. ನಾನು ಈಗ ಎಲ್ಲ ಮನೆಗೂ ಇದನ್ನೇ ಹೇಳುತ್ತೇನೆ. ಅರ್ಧದಷ್ಟು ಜನ ನಗುತ್ತಾರೆ, ನಗಲಿ.

ಕಚ್ಚುವುದು, ಚಪ್ಪಲಿ

ಕರೆ ಬಂದದ್ದು ಕಚ್ಚುವುದರ ಬಗ್ಗೆ, ಅದನ್ನು ಮರೆಯಬಾರದು. ಗುಂಡ ಯಾವಾಗ ಕಚ್ಚುತ್ತಾನೆಂದು ಒಂದು ವಾರ ಬರೆದಿಡಲು ಹೇಳಿದ್ದೆ. ಬರೆದದ್ದರಲ್ಲಿ ಮುಕ್ಕಾಲು ಪಾಲು ಸಂಜೆ ಆರರಿಂದ ಏಳೂವರೆಯ ಒಳಗೆ. ಹಲ್ಲು ನೋಯುವುದು ಆ ಹೊತ್ತಿಗೆ ಮಾತ್ರ ಅಲ್ಲವಲ್ಲ. ಶಾಲೆಯಿಂದ ಹುಡುಗ, ಕೆಲಸದಿಂದ ಅಪ್ಪ ಅಮ್ಮ ಬಂದು ಗಲಾಟೆಯೇರುವ ಹೊತ್ತದು, ಮರಿಯ ಮಧ್ಯಾಹ್ನದ ನಿದ್ದೆ ಅಷ್ಟರಲ್ಲಿ ಮುರಿದಿರುತ್ತಿತ್ತು. ಈ ವಯಸ್ಸಿನ ಮರಿಗೆ ದಿನಕ್ಕೆ ಸುಮಾರು 18 ಗಂಟೆ ನಿದ್ದೆ ಬೇಕೆನ್ನುತ್ತಾರೆ. ಗುಂಡನಿಗೆ ಹದಿಮೂರು ಸಿಗುತ್ತಿತ್ತು. ಐದು ಗಂಟೆಗೆ ಕತ್ತಲೆ ಕೋಣೆಯಲ್ಲಿ ತುಂಬಿಸಿದ ರಬ್ಬರಿನ ಜೊತೆ, ಕಣ್ಣಳತೆಯಲ್ಲೇ, ಮಲಗಿಸಲು ಶುರುಮಾಡಿದ ಮೇಲೆ ಸಂಜೆಯ ಕಚ್ಚಾಟ ಇಳಿಯಿತು. ಆಟಿಕೆಗೆ ಪೂರ್ತಿ ಶ್ರೇಯಸ್ಸು ಕೊಡಲು ನನಗೆ ಮನಸ್ಸಿಲ್ಲ.

ಚಪ್ಪಲಿಯ ಸಮಸ್ಯೆ ಬಗೆಹರಿದದ್ದು ಬಾಗಿಲಿರುವ ಚಪ್ಪಲಿಗೂಡಿನಿಂದ. ಕಹಿ ಸ್ಪ್ರೇಯನ್ನೂ ತಂದಿದ್ದರು, ಗುಂಡ ಅದನ್ನು ನೆಕ್ಕಿ ಇನ್ನಷ್ಟು ಸಿಗಬಹುದೇ ಎಂದು ಕಾದ. ವಿದ್ಯುತ್ ವೈರುಗಳನ್ನು ಮಾತ್ರ ಮೊದಲ ದಿನವೇ ಪೈಪಿನೊಳಗೆ ಹಾಕಿಸಿದ್ದೆ, ಅಲ್ಲಿ ಕಲಿಸಿ ನೋಡುವ ಅವಕಾಶವಿಲ್ಲ.

ಆಮೇಲೆ

23ನೇ ವಾರದಲ್ಲಿ ಬಲಗಡೆ ಕೆಳಗೆ ಎರಡು ಕೋರೆ ಕಂಡವು. ಹೊಸದು ಒಳಮಗ್ಗುಲಲ್ಲಿ ಬರುತ್ತಿತ್ತು, ಹಳೆಯದು ಜಾಗ ಬಿಟ್ಟಿರಲಿಲ್ಲ. ಒಂದೇ ಜಾಗದಲ್ಲಿ ಒಂದೇ ಬಗೆಯ ಎರಡು ಹಲ್ಲು ನಿಲ್ಲಬಾರದು. ಕೆಳಗಿನ ಕೋರೆ ಒಳಕ್ಕೆ ವಾಲಿದರೆ ಮೇಲಿನ ಅಂಗುಳಿಗೆ ಚುಚ್ಚುತ್ತದೆ, ಹಾಲುಹಲ್ಲು ಹೀಗೆ ಉಳಿದುಬಿಡುವುದು ಸಣ್ಣ ತಳಿಗಳಲ್ಲಿ ಇನ್ನೂ ಹೆಚ್ಚು. ವೈದ್ಯರು ನೋಡಿ, ಹಾಲುಹಲ್ಲು ಚೆನ್ನಾಗಿ ಅಲ್ಲಾಡುತ್ತಿದೆ, ಒಂದು ವಾರ ಕಾಯೋಣ, ಬೀಳದಿದ್ದರೆ ತೆಗೆಯೋಣ ಅಂದರು. ಐದನೇ ದಿನ ಒದ್ದೆಬಟ್ಟೆಯ ಆಟ ಆಡುವಾಗ ಅದು ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿತು. ತೆಗೆಸಿದ್ದ ಎಡಗಡೆಯ ಜಾಗದಲ್ಲಿ ಹೊಸ ಕೋರೆ ಕಲೆಯಿಲ್ಲದೆ, ನೆಟ್ಟಗೆ ಬಂತು.

29ನೇ ವಾರದಲ್ಲಿ ವೈದ್ಯರು ಟಾರ್ಚ್ ಹಿಡಿದು ಎಣಿಸಿದರು, 42. ಆಗ ಗುಂಡನ ತೂಕ 26 ಕೆ.ಜಿ. ಮರಿಯ ಮೆದು ರಬ್ಬರು ಆ ದವಡೆಗೆ ಸಾಲದಾಗಿತ್ತು. ಅದೇ ಆಕಾರದ, ದೊಡ್ಡ ಗಾತ್ರದ, ಒಂದು ದರ್ಜೆ ಗಟ್ಟಿ ರಬ್ಬರನ್ನು ತಂದೆವು. ಉಗುರು ಊರಿತು, ತಿರುಚಿದರೆ ಏನೂ ಬರಲಿಲ್ಲ. ಕೊಂಬನ್ನು ಏನು ಮಾಡುವುದೆಂದು ಮಗ ಕೇಳಿದ್ದರು. ಈಗ ಅದು ಅವರ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.

ಆ ಮನೆಗೆ ನನ್ನ ಭೇಟಿ ನಿಂತು ತಿಂಗಳುಗಳಾದವು. ಮೊಮ್ಮಗ ಅಮ್ಮನ ಫೋನಿನಿಂದ ಆಗೊಮ್ಮೆ ಈಗೊಮ್ಮೆ ಸಂದೇಶ ಕಳಿಸುತ್ತಾನೆ. ಮೊನ್ನೆ ಬಂದದ್ದು: “ಆಂಟಿ, ಇವತ್ತು 298. ನಿನ್ನೆ 299 ಇತ್ತು. ಗುಂಡನ ಹಾಸಿಗೆ ಕೆಳಗೆ ಹುಡುಕ್ತಾ ಇದೀನಿ.” ಹತ್ತು ನಿಮಿಷ ಬಿಟ್ಟು ಇನ್ನೊಂದು: “ಸಿಕ್ತು.”